ಕೆರೆ, ಕೇರೆ ಮತ್ತು ಹೀಬ್ರೂ ಚುಕ್ಕಿಗಳು

ಕಳೆದ ರಾಜ್ಯೋತ್ಸವದಂದು ನಮ್ಮ ಉಪನಗರದ ಕನ್ನಡ ಸಂಘವೊಂದರಲ್ಲಿ ನನ್ನ ಮಗಳು ಒಂದು ಮಕ್ಕಳ ಪದ್ಯವನ್ನು ಓದಿದಳು. ಊರ ಮುಂದಿನ ಕೆರೆಯ ವರ್ಣನೆ ಅದು. ಅವಳ ಬಾಯಲ್ಲಿ ಆ ಕೆರೆ 'ಕೇರೆ'ಯಾಯಿತು. ಮಳೆಗಾಲದಲ್ಲಿ ತುಂಬಿ ತುಳುಕುವ ಕೇರೆಹಾವನ್ನು ಕಲ್ಪಿಸಿಕೊಂಡು ಸಭೆ ನಕ್ಕಿತು. ಅವಳೂ ಕಾರಣ ತಿಳಿಯದೆ ನಕ್ಕಳು. ತಪ್ಪು ಅವಳದಲ್ಲ, ನನ್ನದು. ಕನ್ನಡ ಅಕ್ಷರ ಕಲಿಸುವ ತಾಳ್ಮೆಯಿಲ್ಲದೆ, ಶಾಲೆಯಲ್ಲಿ ಮರಾಠಿ ಓದುವ ಮಗುವಿಗೆ ಪದ್ಯವನ್ನು ದೇವನಾಗರಿಯಲ್ಲಿ ಬರೆದುಕೊಟ್ಟಿದ್ದೆ. ಮರಾಠಿ ಬರವಣಿಗೆಯಲ್ಲಿ ನಮ್ಮ ಎ-ಏಗಳಿಗೆ ಒಂದೇ ಗುರುತು, ಒ-ಓಗಳಿಗೆ ಒಂದೇ ಗುರುತು. ಓದುವುದು ಎರಡನ್ನೂ ಎಳೆದೇ.

ಆದರೆ ಆಮೇಲೆ ನನ್ನನ್ನು ಕಾಡಿದ ಸಂಗತಿ ಬೇರೆ. ಅದೇ ಪದ್ಯದಲ್ಲಿ 'ಕೊಡು', 'ಎಲೆ', 'ಬೆಳಕು', 'ಒಳಗೆ' ಎಂಬ ಮಾತುಗಳೂ ಇದ್ದವು. ಅವನ್ನೆಲ್ಲ ಅವಳು ಸರಿಯಾಗಿಯೇ ಓದಿದ್ದಳು. ಕಾಗದದ ಮೇಲೆ 'ಕೋಡು' ಎಂದಿದ್ದರೂ ಬಾಯಿ 'ಕೊಡು' ಎಂದಿತು. ಮನೆಯಲ್ಲಿ ದಿನವೂ ಕಿವಿಗೆ ಬೀಳುವ ಮಾತದು. 'ಕೆರೆ' ಹಾಗಲ್ಲ. ಪವಾಯಿಯದು ಅವಳಿಗೆ 'ಲೇಕ್', ಠಾಣೆಯದು 'ತಲಾವ್'. ಕಿವಿಯಲ್ಲಿ ಇಲ್ಲದ ಪದಕ್ಕೆ ಅಕ್ಷರವೇ ಗತಿ; ಅಕ್ಷರ ಹೇಳದ್ದನ್ನು ಕಣ್ಣು ಓದಲಾರದು. ಸುಮಾರು ಒಂದು ಸಾವಿರದ ಮುನ್ನೂರು ವರ್ಷಗಳ ಹಿಂದೆ, ಗಲಿಲೀ ಸರೋವರದ ದಂಡೆಯ ತಿಬೇರಿಯ ಎಂಬ ಊರಿನಲ್ಲಿ ಕೆಲವು ಹೀಬ್ರೂ ಪಂಡಿತರು ಎದುರಿಸಿದ್ದು ಇದೇ ತೊಡಕನ್ನು.

ಹೀಬ್ರೂ ನಮಗೇನೂ ದೂರದ ಭಾಷೆಯಲ್ಲ. ಸೆಂಟ್ರಲ್ ಲೈನಿನಲ್ಲಿ ಸಿ.ಎಸ್.ಎಂ.ಟಿ.ಗೆ ಒಂದು ನಿಲ್ದಾಣ ಮೊದಲು ಮಸ್ಜಿದ್ ಬರುತ್ತದೆ. ಆ ಹೆಸರು ಬಂದದ್ದು ಮುಸಲ್ಮಾನರ ಮಸೀದಿಯಿಂದಲ್ಲ, ಬೆನೆ ಇಸ್ರೇಲಿಗಳ ಸಿನಗಾಗ್‌ನಿಂದ ಎನ್ನುತ್ತಾರೆ. 'ಜುನಿ ಮಶೀದ್' ಎಂಬುದು ಅದರ ರೂಢಿಯ ಹೆಸರು. ಮಾಂಡ್ವಿಯ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿರುವ, 1796ರಲ್ಲಿ ಸ್ಥಾಪನೆಯಾದ ಈ ಪ್ರಾರ್ಥನಾಮಂದಿರದ ಹೀಬ್ರೂ ಹೆಸರು 'ಶಆರ್ ಹರಹಮೀಮ್', ಕರುಣೆಯ ಬಾಗಿಲು. ಕಟ್ಟಿಸಿದವನು ಸಮಾಜಿ ಹಸಾಜಿ ದಿವೇಕರ್, ಕಂಪನಿ ಸೈನ್ಯದ ಅಧಿಕಾರಿ. ಮೈಸೂರಿನೊಂದಿಗಿನ ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದ ಆತ, ಬಿಡುಗಡೆಯಾಗಿ ಬಂದ ಮೇಲೆ ಹರಕೆಯಾಗಿ ಇದನ್ನು ಕಟ್ಟಿಸಿದನೆಂದು ಆ ಸಮುದಾಯ ಹೇಳಿಕೊಂಡು ಬಂದಿದೆ. ಅಂದರೆ ಈ ನಗರದ ಮೊದಲ ಸಿನಗಾಗ್‌ನ ಕಥೆಗೆ ಕನ್ನಡ ನಾಡಿನ ಒಂದು ಎಳೆಯೂ ಸೇರಿಕೊಂಡಿದೆ.

ಆತನ ಹೆಸರನ್ನೇ ನೋಡಿ. ಸಮಾಜಿ ಎಂದರೆ ಸ್ಯಾಮ್ಯುಯೆಲ್. ಹಸಾಜಿ ಎಂದರೆ ಎಝೆಕಿಯೆಲ್. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಕಾರಣಕ್ಕೆ 'ಶನಿವಾರ ತೇಲಿ' ಎನಿಸಿಕೊಂಡ ಜನ, ಶತಮಾನಗಳ ಕಾಲ ಮರಾಠಿ ಆಡುತ್ತ ಹೀಬ್ರೂ ಹೆಸರುಗಳನ್ನು ಹೀಗೆ ಪಳಗಿಸಿಕೊಂಡಿದ್ದರು. ಇಂಗ್ಲಿಷ್ ಎಂ.ಎ. ಮಾಡಿದ ನನ್ನಂಥವರು ಅದೇ ಎಝೆಕಿಯೆಲ್ ಎಂಬ ಹೆಸರನ್ನು ಮೊದಲು ಕಂಡದ್ದು ನಿಸ್ಸಿಮ್ ಎಝೆಕಿಯೆಲ್ ಅವರ ಕವನಗಳ ಮೇಲೆ. ಅವರೂ ಇದೇ ಸಮುದಾಯದವರು, ಇದೇ ಮುಂಬಯಿಯವರು. ಹೀಬ್ರೂವಿನಲ್ಲಿ ಅದು ಯೆಹೆಜ್ಕೇಲ್, ಅರಬ್ಬಿಯಲ್ಲಿ ಹಿಜ್ಕೀಲ್. ವ್ಯಂಜನಗಳ ಎಲುಬುಗೂಡು ಹೆಚ್ಚುಕಡಿಮೆ ಉಳಿದಿದೆ. ಸ್ವರಗಳು ಮಾತ್ರ ಹೋದ ಹೋದ ಊರಿನ ಬಟ್ಟೆ ತೊಟ್ಟಿವೆ.

ಹೀಬ್ರೂ ಲಿಪಿಯ ಇಪ್ಪತ್ತೆರಡು ಅಕ್ಷರಗಳೂ ವ್ಯಂಜನಗಳೇ. ನಮ್ಮ ಕಾಗುಣಿತಕ್ಕೆ ಒಗ್ಗಿದ ಕಣ್ಣಿಗೆ ಇದು ವಿಚಿತ್ರ. 'ಕ್' ಮತ್ತು 'ರ್' ಎರಡನ್ನೇ ಬರೆದಿಟ್ಟರೆ ನಾವು ಕೆರೆ ಎನ್ನೋಣವೆ, ಕರೆ ಎನ್ನೋಣವೆ, ಕರು, ಕಾರು, ಕಿರಿ, ಕೇರಿ, ಕೋರು? ಆದರೆ ಹೀಬ್ರೂ, ಅರಬ್ಬಿಯಂಥ ಭಾಷೆಗಳ ಕಟ್ಟಡವೇ ಬೇರೆ. ಅಲ್ಲಿ ಪದದ ತಿರುಳು ಸಾಮಾನ್ಯವಾಗಿ ಮೂರು ವ್ಯಂಜನಗಳಲ್ಲಿರುತ್ತದೆ. ಸ್ವರಗಳು ಅದನ್ನು ನಾಮಪದವೋ ಕ್ರಿಯಾಪದವೋ ಆಗಿ ತಿರುಗಿಸುತ್ತವೆ. ಕಿತಾಬು, ಬರೆಯುವವನಾದ ಕಾತಿಬ, ಮಕ್ಕಳು ಓದುವ ಮಕ್ತಬ್, ಇವೆಲ್ಲ ಕ-ತ-ಬ ಎಂಬ ಒಂದೇ ಮೂಲದವು. ಭಾಷೆ ಬಾಯಲ್ಲಿ ಓಡಾಡುತ್ತಿರುವವರೆಗೆ ವ್ಯಂಜನ ಕಂಡರೆ ಸಾಕು, ಸ್ವರವನ್ನು ಸಂದರ್ಭ ತಂದುಕೊಡುತ್ತದೆ.

ಹಾಗಿದ್ದರೆ, ಬರೆಯದೇ ಬಿಟ್ಟ ಸ್ವರಗಳು ಕಾಲದಿಂದ ಕಾಲಕ್ಕೆ ಹೇಗೆ ಬದಲಾದವೆಂದು ನಮಗೆ ಗೊತ್ತಾದದ್ದು ಹೇಗೆ? ಬಹುಮಟ್ಟಿಗೆ ನೆರೆಯವರ ಭಾಷೆಗಳಿಂದ, ನೆರೆಯವರ ಲಿಪಿಗಳಿಂದ. ಈ ಇಡೀ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದೇ.

ಎಲ್ಲರ ಕಿವಿಗೂ ಬಿದ್ದಿರುವ ಜೋಡಿಯೊಂದಿದೆ: ಸಲಾಂ ಮತ್ತು ಶಾಲೋಮ್. ಎರಡೂ ಒಂದೇ ಮಾತು, ಶಾಂತಿ ಎಂದರ್ಥ. ಅರಬ್ಬಿಯ ಆಕಾರ ಇರುವಲ್ಲಿ ಹೀಬ್ರೂವಿನಲ್ಲಿ ಓಕಾರವಿದೆ. ಇದು ಒಂದೇ ಪದದ ಆಕಸ್ಮಿಕವಲ್ಲ. 'ಇಲ್ಲ' ಎಂಬುದಕ್ಕೆ ಅರಬ್ಬಿ 'ಲಾ', ಹೀಬ್ರೂ 'ಲೋ'. ಅರಬ್ಬಿ 'ಕಾತಿಬ', ಹೀಬ್ರೂ 'ಕೋತೇವ್'. ಮೂಲದ ಆಕಾರವನ್ನು ಅರಬ್ಬಿ ಉಳಿಸಿಕೊಂಡಿತು. ಹೀಬ್ರೂ ಮತ್ತು ಅದರ ಸೋದರ ಭಾಷೆಗಳಾಡುತ್ತಿದ್ದ ಕಾನಾನ್ ಸೀಮೆಯಲ್ಲಿ ಅದು ಓಕಾರವಾಯಿತು. ಯಾವಾಗ? ಈಜಿಪ್ಟಿನ ಅಮರ್ನಾದಲ್ಲಿ 1887ರಲ್ಲಿ ದೊರೆತ ಜೇಡಿಮಣ್ಣಿನ ಪತ್ರಗಳು ಉತ್ತರ ಹೇಳುತ್ತವೆ. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದಲ್ಲಿ ಕಾನಾನಿನ ಸಣ್ಣ ಪಾಳೆಯಗಾರರು ಈಜಿಪ್ಟಿನ ದೊರೆಗೆ ಬರೆದ ಓಲೆಗಳವು. ಭಾಷೆ ಅಕ್ಕಾಡಿಯನ್, ಲಿಪಿ ಬೆಣೆಯಾಕಾರದ್ದು. ಆ ಲಿಪಿ ಸ್ವರಗಳನ್ನು ಬರೆಯುತ್ತದೆ. ಅಲ್ಲಲ್ಲಿ ಲಿಪಿಕಾರರು ತಮ್ಮ ಮನೆಮಾತನ್ನು ನುಸುಳಿಸಿದ್ದಾರೆ. ಜೆರುಸಲೇಮಿನಿಂದ ಹೋದ ಓಲೆಯೊಂದರಲ್ಲಿ 'ನಾನು' ಎಂಬುದಕ್ಕೆ 'ಅನುಕಿ' ಎಂದಿದೆ. ಅಕ್ಕಾಡಿಯನ್ನಿನಲ್ಲಿ ಅದು 'ಅನಾಕು', ಮುಂದಿನ ಹೀಬ್ರೂವಿನಲ್ಲಿ 'ಆನೋಖಿ'. ಬೆಣೆಲಿಪಿಯಲ್ಲಿ ಓಕಾರಕ್ಕೆ ಚಿಹ್ನೆಯೇ ಇಲ್ಲವಾದ್ದರಿಂದ ಬರೆದವನು ಉಕಾರದಿಂದ ಸುಧಾರಿಸಿಕೊಂಡ. ದೇವನಾಗರಿಯಲ್ಲಿ ನಾನು 'ಕೆರೆ' ಬರೆದಂತೆಯೇ! ಆದರೂ ಆಕಾರ ಆ ಹೊತ್ತಿಗಾಗಲೇ ಜಾರಿತ್ತೆಂಬುದಕ್ಕೆ ಆ ಮಣ್ಣಿನ ಬಿಲ್ಲೆ ಸಾಕ್ಷಿಯಾಗಿ ಉಳಿಯಿತು.

ಎರಡನೆಯ ದೊಡ್ಡ ಬದಲಾವಣೆ ಪದಗಳ ಬಾಲದಲ್ಲಾಯಿತು. ಬಹಳ ಹಿಂದೆ ಹೀಬ್ರೂ ಪದಗಳ ಕೊನೆಗೆ ವಿಭಕ್ತಿಯನ್ನು ಸೂಚಿಸುವ ಹ್ರಸ್ವಸ್ವರಗಳಿದ್ದವು. ರಾಜ ಎಂಬುದು 'ಮಲ್ಕು' ಎಂಬಂತಿತ್ತು. ಆ ಉಕಾರ ಉದುರಿ 'ಮಲ್ಕ್' ಉಳಿಯಿತು. ಕೊನೆಯಲ್ಲಿ ಎರಡು ವ್ಯಂಜನಗಳ ಗಂಟು ನಾಲಿಗೆಗೆ ತೊಡರಾಗಿ, ನಡುವೆ ಒಂದು ಸ್ವರ ಹುಟ್ಟಿಕೊಂಡು, ಅದರ ಸಂಗದಲ್ಲಿ ಮೊದಲ ಅಕಾರವೂ ಬಣ್ಣ ಬದಲಿಸಿ 'ಮೆಲೆಖ್' ಆಯಿತು. ನಮ್ಮ ಕಡೆ ಧರ್ಮ 'ಧರುಮ'ವಾಗುವ, ಬ್ರಹ್ಮ 'ಬರಮ'ನಾಗುವ ದಾರಿಯೇ ಇದು. ಆದರೆ 'ನನ್ನ ರಾಜ' ಎನ್ನುವಾಗ 'ಮಲ್ಕೀ', ರಾಣಿ ಎನ್ನುವಾಗ 'ಮಲ್ಕಾ'. ಬಾಲಕ್ಕೆ ಪ್ರತ್ಯಯ ಹತ್ತಿದಾಗ ಹಳೆಯ ರೂಪ ಹೊರಬರುತ್ತದೆ. ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಒರಿಜೆನ್ ಎಂಬ ವಿದ್ವಾಂಸ ಬೈಬಲಿನ ಹಲವು ಪಾಠಗಳನ್ನು ಸಾಲುಸಾಲಾಗಿ ಜೋಡಿಸಿದ ಗ್ರಂಥದಲ್ಲಿ ಒಂದು ಸಾಲು ಹೀಬ್ರೂವನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದದ್ದು. ಅದರ ಉಳಿದ ತುಣುಕುಗಳಲ್ಲಿ ಈ ಬಗೆಯ ಪದಗಳು ನಡುವಿನ ಸ್ವರವಿಲ್ಲದೆಯೇ ಕಾಣುತ್ತವೆ. ಆ ಸ್ವರ ನೆಲೆಗೊಂಡದ್ದು ತಡವಾಗಿ.

ಈ ವಿಷಯದಲ್ಲಿ ನಾವು ಹೀಬ್ರೂವಿಗೆ ಪೂರ್ತಿ ವಿರುದ್ಧ. ಹಳಗನ್ನಡದ ಕಲ್, ಕಣ್, ಪಾಲ್ ಎಂಬ ವ್ಯಂಜನಾಂತ ಪದಗಳಿಗೆ ನಡುಗನ್ನಡದಲ್ಲಿ ಉಕಾರ ಹತ್ತಿ ಕಲ್ಲು, ಕಣ್ಣು, ಹಾಲು ಆದವು. ಹೀಬ್ರೂ ಕೊನೆಯ ಸ್ವರವನ್ನು ಕಳೆದುಕೊಂಡಿತು, ಕನ್ನಡ ಗಳಿಸಿಕೊಂಡಿತು. ಕೊಂಚ ಸರಳೀಕರಿಸಿ ಹೇಳಿದರೆ ನಮ್ಮ ನೆರೆಯ ಮರಾಠಿ ಹೀಬ್ರೂವಿನ ಜೊತೆಗೆ ಹೋಗುತ್ತದೆ: ಅವರ ರಾಮ್, ಗಣೇಶ್ ನಮಗೆ ರಾಮ, ಗಣೇಶ. ಲೋಕಲ್ ರೈಲಿನ ಘೋಷಣೆ ಕೇಳುತ್ತ ಬೆಳೆದ ನಮ್ಮ ಮಕ್ಕಳು ಕನ್ನಡದಲ್ಲೂ ಆ ಬಾಲ ಕತ್ತರಿಸುತ್ತಾರೆ.

ಮೂರನೆಯದಕ್ಕೆ ಸಾಕ್ಷಿ ಬೇಕಿದ್ದರೆ ಮುಂಬಯಿಯನ್ನೇ ಸುತ್ತಿ ಬರಬಹುದು. ಬಾಂದ್ರಾ ಗುಡ್ಡದ ಮೇಲೆ ಮೇರಿ ಮಾತೆ. ಮುಸ್ಲಿಂ ಮನೆಗಳಲ್ಲಿ ಮರ್ಯಮ್. ಹೀಬ್ರೂ ಗ್ರಂಥದ ಓದಿನಲ್ಲಿ ಮಿರ್ಯಾಮ್. ಒಂದೇ ಹೆಸರು. ಮೊದಲ ಅಕ್ಷರದಲ್ಲಿ ಹಳೆಯದು ಅಕಾರವೋ ಇಕಾರವೋ? ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಯಹೂದಿ ಗ್ರಂಥಗಳನ್ನು ಗ್ರೀಕಿಗೆ ತಂದವರು 'ಮರಿಯಮ್' ಎಂದೇ ಬರೆದಿದ್ದಾರೆ. ಹಾಗೆಯೇ ತಿಬೇರಿಯದ ಹೀಬ್ರೂವಿನ 'ಶಿಮ್‌ಶೋನ್' ಗ್ರೀಕಿನಲ್ಲಿ 'ಸಂಪ್ಸೋನ್'. ಅದರ ಬೇರು ಸೂರ್ಯ, ಅರಬ್ಬಿಯ 'ಶಮ್ಸ್'. ಅಂದರೆ ಒತ್ತು ಬೀಳದ, ವ್ಯಂಜನದಿಂದ ಮುಚ್ಚಿದ ಮೊದಲ ಅಕ್ಷರದ ಅಕಾರ ಹೀಬ್ರೂವಿನಲ್ಲಿ ನಿಧಾನವಾಗಿ ತೆಳುವಾಗಿ ಇಕಾರವಾಗಿದೆ. ಗ್ರೀಕರು ಕೇಳಿಸಿಕೊಂಡಾಗ ಇನ್ನೂ ಆಗಿರಲಿಲ್ಲ. ಕನ್ನಡ ಬೈಬಲನ್ನು ತೆರೆದರೆ ಈ ಚರಿತ್ರೆ ಒಂದೇ ಪುಸ್ತಕದಲ್ಲಿ ಸಿಗುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಮೋಶೆಯ ಅಕ್ಕ ಮಿರ್ಯಾಮಳು, ಹೊಸ ಒಡಂಬಡಿಕೆಯಲ್ಲಿ ಯೇಸುವಿನ ತಾಯಿ ಮರಿಯಳು. ಒಂದು ಹೀಬ್ರೂವಿನಿಂದ ಬಂದದ್ದು, ಇನ್ನೊಂದು ಗ್ರೀಕಿನಿಂದ. ತಮಾಷೆಯೆಂದರೆ, ಹೊಸ ಪುಸ್ತಕದ ಸ್ವರವೇ ಹಳೆಯದು.

ನಮ್ಮಲ್ಲೂ ಇಂಥದೊಂದಿದೆ. ತಮಿಳರು, ತೆಲುಗರು 'ಚೆವಿ' ಎನ್ನುವುದನ್ನು ನಾವು 'ಕಿವಿ' ಎನ್ನುತ್ತೇವೆ. ಮೂಲದ್ರಾವಿಡದಲ್ಲಿ ಅದು 'ಕೆವಿ'ಯಂತಿತ್ತೆಂದು ಭಾಷಾಶಾಸ್ತ್ರಜ್ಞರು ತರ್ಕಿಸುತ್ತಾರೆ. ಮುಂದಿನ ಇಕಾರ ಹಿಂದಿನ ಎಕಾರವನ್ನು ಮೇಲಕ್ಕೆಳೆದು ಕಿವಿಯಾಗಿಸಿತು. ವ್ಯಂಜನದಲ್ಲಿ ನಾವು ಹಳಬರು, ಸ್ವರದಲ್ಲಿ ಅವರು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಕೆಂಪೂರು. 'ಕೆಂಪು' ಮತ್ತು 'ಕಿಸು' ಒಂದೇ ಬೇರಿನ ಎರಡು ಸ್ವರಗಳು.

ಒತ್ತಿಲ್ಲದ ಕಡೆ ಸ್ವರ ಸವೆದು ಇಲ್ಲವಾಗುವುದು ಹೀಬ್ರೂವಿನ ಇನ್ನೊಂದು ಗುಣ. 'ದಾವಾರ್' ಎಂದರೆ ಮಾತು. ಬಹುವಚನದಲ್ಲಿ ಒತ್ತು ಕೊನೆಗೆ ಸರಿದು 'ದ್‌ವಾರೀಮ್'. ಇದನ್ನು ವಿವರಿಸಬೇಕಿಲ್ಲ. ಹುಡುಗಿ 'ಹುಡ್ಗಿ'ಯಾಗಿ, ಬೆಂಗಳೂರು 'ಬೆಂಗ್ಳೂರಾ'ಗಿ ನಮ್ಮ ಬಾಯಲ್ಲಿ ದಿನವೂ ಅದು ನಡೆಯುತ್ತಿದೆ.

ಇಷ್ಟೆಲ್ಲ ನಡೆಯುವಾಗ ಹೀಬ್ರೂ ಬರೆಯುವವರು ಕೈಕಟ್ಟಿ ಕೂತಿರಲಿಲ್ಲ. ದಿನ ಎಂಬರ್ಥದ 'ಯೌಮ್' ಎಂಬುದು 'ಯೋಮ್' ಆದಾಗ ನಡುವಿನ ವಕಾರ ಉಚ್ಚಾರದಿಂದ ಮಾಯವಾಯಿತು. ಎಷ್ಟೋ ಪದಗಳ ಕಾಗುಣಿತದಲ್ಲಿ ಮಾತ್ರ ಉಳಿಯಿತು. ಹೀಗೆ ಕೆಲಸ ಕಳೆದುಕೊಂಡ ವಕಾರವನ್ನು ಓ-ಊಗಳಿಗೂ ಯಕಾರವನ್ನು ಈ-ಏಗಳಿಗೂ ಗುರುತಾಗಿ ಬಳಸುವ ಪದ್ಧತಿ ಬೆಳೆಯಿತು. 1880ರಲ್ಲಿ ಜೆರುಸಲೇಮಿನ ನೀರಿನ ಸುರಂಗದಲ್ಲಿ ಸಿಕ್ಕ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ಶಿಲೋಹ ಶಾಸನದಲ್ಲಿ ಇಂಥ ಗುರುತು ಹೆಚ್ಚಾಗಿ ಪದದ ಕೊನೆಯಲ್ಲಷ್ಟೇ. 1947ರಿಂದ ಮೃತಸಮುದ್ರದ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲಾದರೆ ಪದದೊಳಗೂ ಧಾರಾಳ. ಜನರ ಬಾಯಿಂದ ಭಾಷೆ ದೂರವಾದಷ್ಟೂ ಅಕ್ಷರದ ಹೊರೆ ಹೆಚ್ಚಿತು.

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಹೀಬ್ರೂ ಮನೆಮಾತಾಗಿ ಉಳಿಯಲಿಲ್ಲ. ಪ್ರಾರ್ಥನೆ, ಪಾಠ, ಪತ್ರವ್ಯವಹಾರಗಳಲ್ಲಿತ್ತು; ಅಜ್ಜಿಯ ಬಾಯಲ್ಲಿರಲಿಲ್ಲ. ಆಗ ಮಸೊರೇಟರೆಂಬ ಪಂಡಿತರು, ಪವಿತ್ರವಾದ ಅಕ್ಷರವನ್ನು ಮುಟ್ಟದೆ, ಅದರ ಮೇಲೆ ಕೆಳಗೆ ಚುಕ್ಕಿ-ಗೆರೆಗಳನ್ನಿಟ್ಟು ಸ್ವರ ಗುರುತಿಸತೊಡಗಿದರು. ಬಾಬಿಲೋನಿಯಾದವರದು ಒಂದು ಪದ್ಧತಿ, ಪ್ಯಾಲೆಸ್ತೀನಿನದು ಇನ್ನೊಂದು, ಗೆದ್ದದ್ದು ತಿಬೇರಿಯದವರದು. ಅಲ್ಲಿನ ಬೆನ್ ಆಶೇರ್ ಮನೆತನದ ಪಾಠ ಹತ್ತನೆಯ ಶತಮಾನದ ಅಲೆಪ್ಪೊ ಪ್ರತಿಯಲ್ಲೂ 1008ರ ಸುಮಾರಿನ, ಈಗ ರಷ್ಯಾದಲ್ಲಿರುವ ಪೂರ್ಣಪ್ರತಿಯಲ್ಲೂ ಉಳಿದಿದೆ. ನಾವು ಇಂದು 'ಬೈಬಲಿನ ಹೀಬ್ರೂ' ಎನ್ನುವುದರ ಸ್ವರಗಳು, ಅಂದರೆ, ಮೋಶೆಯ ಕಾಲದವಲ್ಲ, ದಾವೀದನ ಕಾಲದವೂ ಅಲ್ಲ. ಸಾವಿರ ವರ್ಷಗಳ ಹಿಂದಿನ ಒಂದು ಊರಿನವರು ತಾವು ಗುರುಮುಖದಿಂದ ಕೇಳಿದ್ದನ್ನು ಹಾಗೆಯೇ ಇಟ್ಟುಹೋದದ್ದು. ಅವರ ನಿಷ್ಠೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅಷ್ಟು ಸೂಕ್ಷ್ಮವಾಗಿ ಉಚ್ಚಾರವನ್ನು ಕಾದವರು ನಮ್ಮ ವೇದಪಾಠಿಗಳನ್ನು ಬಿಟ್ಟರೆ ವಿರಳ.

ಅವರು ಚುಕ್ಕಿಯಿಟ್ಟ ಮೇಲೂ ಸ್ವರ ನಿಲ್ಲಲಿಲ್ಲವೆಂಬುದಕ್ಕೆ 'ಕಾಮೆತ್ಸ್' ಎಂಬ ಒಂದು ಚಿಹ್ನೆ ಸಾಕು. ತಿಬೇರಿಯದಲ್ಲಿ ಅದು ಆ-ಓಗಳ ನಡುವಿನ ಬಾಯಗಲದ ಸ್ವರ. ಪೂರ್ವ ಯುರೋಪಿನ ಯಹೂದಿಗಳು ಅದನ್ನು ಓಕಾರದತ್ತ ಎಳೆದರು. ಬಾಗ್ದಾದಿನವರು, ಎಂದರೆ ನಮ್ಮ ಬೈಕಲಾದ ಸಿನಗಾಗ್ ಕಟ್ಟಿಸಿದ ಡೇವಿಡ್ ಸಸೂನನ ಕಡೆಯವರು, ಆಕಾರವಾಗಿಯೇ ಓದಿದರು. ಈ ನಡುಸ್ವರ ನಮಗೆ ಗೊತ್ತಿರುವುದೇ. ಇಂಗ್ಲಿಷಿನ 'ಕಾಲೇಜು', 'ಆಫೀಸು'ಗಳ ಮೊದಲ ಸ್ವರ ಆ ಅಲ್ಲ, ಓ ಅಲ್ಲ. ಮರಾಠಿಗರು ಅದಕ್ಕೊಂದು ಅರ್ಧಚಂದ್ರದ ಗುರುತು ಮಾಡಿಕೊಂಡರು. ನಾವು ಆಕಾರ ಬರೆದು ಸುಮ್ಮನಾದೆವು. ಮುಂದೊಂದು ಕಾಲದಲ್ಲಿ ಯಾರಾದರೂ ನಮ್ಮ ಫಲಕಗಳನ್ನು ಅಗೆದು ತೆಗೆದರೆ, ಮುಂಬಯಿಯ ಕನ್ನಡಿಗ ತನ್ನ ಕಚೇರಿಯನ್ನು ಹೇಗೆ ಕರೆಯುತ್ತಿದ್ದನೆಂದು ಊಹಿಸಲು ಮರಾಠಿ ಫಲಕವನ್ನೇ ನೋಡಬೇಕಾದೀತು.

ಈ ನಗರದಲ್ಲಿ ಹೀಬ್ರೂ ಮತ್ತು ದೇವನಾಗರಿ ಅಕ್ಕಪಕ್ಕ ಕೂತ ಇತಿಹಾಸವೂ ಇದೆ. 1829ರಲ್ಲಿ ಬಂದ ಜಾನ್ ವಿಲ್ಸನ್, ಇಂದಿನ ವಿಲ್ಸನ್ ಕಾಲೇಜಿನ ಮೂಲಪುರುಷ, ಬೆನೆ ಇಸ್ರೇಲಿಗಳಿಗಾಗಿ 1832ರಲ್ಲೇ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದರು. ಮುಂದೆ ಅದೇ ಸಮುದಾಯದ ಜೋಸೆಫ್ ಎಝೆಕಿಯೆಲ್ ರಾಜಪುರಕರ್ ಪ್ರಾರ್ಥನಾಗ್ರಂಥಗಳನ್ನು ಮರಾಠಿಗೆ ತಂದರು. ತಿಬೇರಿಯದವರು ಬೇರೆಬೇರೆ ಚುಕ್ಕಿ ಕೊಟ್ಟ ಎರಡು ಎಕಾರಗಳಿವೆ, 'ಸೆಗೋಲ್' ಮತ್ತು 'ತ್ಸೇರೆ'. ಮರಾಠಿ ಅಕ್ಷರದಲ್ಲಿ ಅವನ್ನು ಬೇರ್ಪಡಿಸುವುದು ಕಷ್ಟ. ಕನ್ನಡದಲ್ಲಾಗಿದ್ದರೆ ಎ, ಏ ಎಂದು ತಕ್ಕಮಟ್ಟಿಗಾದರೂ ತೋರಿಸಬಹುದಿತ್ತು ಎಂದು ನಾನು ಒಳಗೊಳಗೇ ಬೀಗಿದ್ದೆ.

ಆ ಬೀಗು ಬಹಳ ಹೊತ್ತು ಉಳಿಯಲಿಲ್ಲ. ನಮ್ಮ ಹಳೆಯ ಶಾಸನಗಳ ಲಿಪಿಯಲ್ಲೂ ಎ-ಏ, ಒ-ಓ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಹ್ರಸ್ವ ಎಕಾರ-ಒಕಾರಗಳಿಲ್ಲದ ಭಾಷೆಗಳಿಗಾಗಿ ರೂಪುಗೊಂಡ ಬ್ರಾಹ್ಮಿಯ ಬಳುವಳಿ ಅದು. ಇಂದು ಮಕ್ಕಳು ತಲೆಕಟ್ಟಿನ ಬಲಕ್ಕೆ ಎಳೆಯುವ ದೀರ್ಘದ ಬಾಲ, ಕೆರೆಯನ್ನು ಕೇರೆಯಿಂದ ಬಿಡಿಸುವ ಆ ಬಾಲ, ಅಂದಿನ ಕಲ್ಲಿನ ಮೇಲಿಲ್ಲ. ಓದುಗರಿಗೆ ತೊಂದರೆಯಾಗಲಿಲ್ಲ, ಪದ ಕಿವಿಯಲ್ಲಿತ್ತು. ನಮಗೂ ಅಷ್ಟು ತೊಂದರೆಯಿಲ್ಲ, ಕಾರಣ ನಮ್ಮ ಛಂದಸ್ಸು. ಲಘು-ಗುರು ಎಣಿಸುವ ವೃತ್ತದಲ್ಲಿ, ಕಂದದಲ್ಲಿ ಲಿಪಿ ಮುಚ್ಚಿಟ್ಟ ದೀರ್ಘವನ್ನು ಮಾತ್ರೆ ಬಿಟ್ಟುಕೊಡುತ್ತದೆ. ಬೈಬಲಿನ ಕಾವ್ಯಕ್ಕೆ ಹೀಗೆ ಮಾತ್ರೆಯೆಣಿಸುವ ಕಟ್ಟಿಲ್ಲವಾದ್ದರಿಂದ ಹೀಬ್ರೂವಿನ ವಿದ್ವಾಂಸರಿಗೆ ಆ ಅನುಕೂಲವಿರಲಿಲ್ಲ; ಅವರು ಗ್ರೀಕರ ಬಾಗಿಲು ತಟ್ಟಬೇಕಾಯಿತು.

ಸಭೆಯ ನಗುವಿನ ನಂತರದ ಭಾನುವಾರ ನಾವು ಅದೇ ಪದ್ಯವನ್ನು ಮತ್ತೆ ಹಿಡಿದು ಕೂತೆವು. ಕನ್ನಡ ಅಕ್ಷರ ಬೇಸಿಗೆ ರಜೆಯಲ್ಲಿ ಎಂದು ಒಪ್ಪಂದವಾಯಿತು. ಅಲ್ಲಿಯವರೆಗೆ ಅವ್ವ ಓದುವುದು, ಮಗಳು ಕೇಳಿಸಿಕೊಂಡು ದೇವನಾಗರಿ ಅಕ್ಷರದ ಮೇಲೆ, ಎಳೆಯಬಾರದ ಕಡೆ, ಕೆಂಪು ಪೆನ್ನಿನಿಂದ ಚುಕ್ಕಿಯಿಡುವುದು. ಧಾರವಾಡದ ಕಡೆಯ ಅವ್ವ ಹದಿನಾರು ಸಾಲನ್ನೂ ರಾಗವಾಗಿ ಓದಿದಳು. ಕೆರೆಗೆ ಎರಡು ಚುಕ್ಕಿ ಬಿದ್ದವು. 'ನೀರಿನ ಮೇಲೆ' ಎಂಬಲ್ಲಿ ಅವ್ವ ಎಂದಿನಂತೆ 'ಮ್ಯಾಲೆ' ಎಂದಳು. ಮಗಳು ಪೆನ್ನು ಎತ್ತಿ ನನ್ನನ್ನು ನೋಡಿದಳು.

"ಅಪ್ಪಾ, ನೀವು 'ಮೇಲೆ' ಅಂತ ಬರದೀರಿ. ಅಜ್ಜಿ ಹಂಗ ಅನ್ನಲಿಲ್ಲ. ಇದಕ್ಕ ಯಾವ ಗುರುತು?"

ಕನ್ನಡದಲ್ಲಿ ಅದಕ್ಕೆ ಬೇರೆ ಸ್ವರಚಿಹ್ನೆಯಿಲ್ಲ; ಯಕಾರದ ಒತ್ತು ಕೊಟ್ಟು ಸಾಗಹಾಕುತ್ತೇವೆ, ಅದೂ ಕಥೆಗಳ ಸಂಭಾಷಣೆಯಲ್ಲಿ. 'ಮೇಲೆ' ಎಂದೇ ಇರಲಿ ಎನ್ನಬೇಕೋ, ಅಜ್ಜಿ ಅಂದದ್ದೇ ಸರಿ ಎನ್ನಬೇಕೋ ನಾನು ಯೋಚಿಸುತ್ತಿರುವಾಗಲೇ ಅವಳು ನಾನು ಬರೆದಿದ್ದ ಮಾತ್ರೆಯನ್ನು ಹೊಡೆದುಹಾಕಿ, ಶಾಲೆಯಲ್ಲಿ 'ಬ್ಯಾಂಕ್' ಬರೆಯುವಾಗ ಹಾಕುವ ಮರಾಠಿಯ ಅರ್ಧಚಂದ್ರವನ್ನು ಮಕಾರದ ತಲೆಯ ಮೇಲಿಟ್ಟು, ಮುಂದಿನ ಸಾಲು ಓದಲು ಅಜ್ಜಿಗೆ ಹೇಳಿದಳು.